ಕಾಶವ್ವನ ಎಲುಬಿನೂಟ

ಕಾಶವ್ವನ ಎಲುಬಿನ ಚೀಟಿ ಬರುವ ಹೊತ್ತಿಗೆ ನಾನು ಅವಳ ಊಟಕ್ಕೆಂದು ಆಗಲೇ ಎರಡು ಚೀಲ ಜೋಳ ಬೀಸಲು ಕೊಟ್ಟಿದ್ದೆ. ಕಾಶವ್ವನಂಥವಳ ಎಲುಬಿನಲ್ಲಿ ಜೋಳವಲ್ಲದೆ ಇನ್ನೇನು ಇದ್ದೀತು? ರೊಟ್ಟಿ, ಪುಂಡಿಪಲ್ಯ, ಹೆಚ್ಚೆಂದರೆ ಒಂದು ಗಟ್ಟಿ ಬೇಳೆ. ಮೆಣಸಿನಕಾಯಿ ಹುರಿಯುತ್ತ ಕೂತಿದ್ದವಳಿಗೆ ಓದುಮನೆಯ ಜವಾನ ಚೀಟಿ ಕೊಟ್ಟು ಹೋದ. ಓದಿದೆ. ಕಣ್ಣಿಗೆ ಮೆಣಸಿನಕಾಯಿ ಘಾಟು ಹತ್ತಿರಬೇಕೆಂದು ಸೆರಗಿನಿಂದ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಹಲ್ಲು: ಜೋಳ, ಹಾಲು. ಪಕ್ಕೆಲುಬು: ಜೋಳ, ಮತ್ತು ಮಾಂಸ, ಬಹಳ.

ನಾನು ನಮ್ಮೂರಿನ ಎಲುಬಿನೂಟದ ಅಡುಗೆಯವಳು. ನಮ್ಮಲ್ಲಿ ಯಾರೇ ಸಾಯಲಿ, ಮಣ್ಣು ಮಾಡುವ ಮೊದಲು ಒಂದು ಹಲ್ಲು, ಪಕ್ಕೆಲುಬಿನ ಒಂದು ಚೂರು ಓದುಮನೆಗೆ ಹೋಗುತ್ತವೆ. ಅಲ್ಲಿ ಯಮುನಾಬಾಯಿ ಅವನ್ನು ತೊಳೆದು, ಪುಡಿಮಾಡಿ, ಯಂತ್ರದಲ್ಲಿ ಸುಟ್ಟು ಓದುತ್ತಾಳೆ. ಹಲ್ಲು ಬಾಲ್ಯದ ಊಟ ಹೇಳುತ್ತದೆ, ಪಕ್ಕೆಲುಬು ಕೊನೆಯ ಕೆಲವು ವರ್ಷಗಳದ್ದು. ಓದಿದಾಗ ಬರುವುದು ಎರಡೇ ಅಂಕಿ. ಒಂದು ಕಾಳಿನದು, ಅದು ಜೋಳ ಸಜ್ಜೆ ತಿಂದವರಲ್ಲಿ ಒಂದು ಬಗೆ, ಅಕ್ಕಿ ಗೋಧಿ ತಿಂದವರಲ್ಲಿ ಇನ್ನೊಂದು ಬಗೆ. ಎರಡನೆಯದು ಮಾಂಸದ ಅಂಕಿ, ಅದು ತುಸು ಏರಿದರೆ ಹಾಲು, ಬಹಳ ಏರಿದರೆ ಮಾಂಸ. ಸತ್ತವರು ಏನು ಉಂಡಿದ್ದರೋ ಅದನ್ನೇ ಮೂರನೆಯ ತಿಂಗಳಲ್ಲಿ ಊರಿಗೆಲ್ಲ ಬಡಿಸಬೇಕು, ಮೊದಲ ತುತ್ತು ಮಕ್ಕಳು ತಿನ್ನಬೇಕು. ಎಲುಬಿಗೆ ಉಪ್ಪು ಗೊತ್ತಿಲ್ಲ, ಒಗ್ಗರಣೆಯೂ ಗೊತ್ತಿಲ್ಲ. ಅವೆರಡು ನನ್ನ ಪಾಲಿನವು.

ಹೀಗಾಗಿ ನಮ್ಮೂರ ಜನ ಐವತ್ತು ದಾಟಿದ ಮೇಲೆ ತುಸು ಯೋಚಿಸಿ ಉಣ್ಣುತ್ತಾರೆ. ಬೀಗರ ಮೇಲೆ ಪ್ರೀತಿ ಇದ್ದವರು ಅಕ್ಕಿ, ಗೋಧಿ ಹೆಚ್ಚು ಮಾಡುತ್ತಾರೆ. ಸಿಟ್ಟಿದ್ದವರು ಬರೀ ನವಣೆ ಗಂಜಿ ಕುಡಿದು ಹಲ್ಲು ಕಚ್ಚಿ ಬದುಕುತ್ತಾರೆ. ದಿನಕ್ಕೊಂದು ಕೋಳಿ ಮುರಿಯುತ್ತೇನೆಂದು ಗರಡಿಯಲ್ಲಿ ತೊಡೆ ತಟ್ಟುತ್ತಿದ್ದ ಪೈಲ್ವಾನ ದುರ್ಗಪ್ಪ ಸತ್ತಾಗ ಚೀಟಿಯಲ್ಲಿ ಬರೀ ಜೋಳ ಬಂತು. ಊರೆಲ್ಲ ಬಾಯಿ ಒರೆಸಿಕೊಂಡು ಕೂತಿತ್ತು, ನಾನು ಅಂಬಲಿ ಬಡಿಸಿದೆ. ಅವನ ಜೀವಮಾನದ ಎದುರಾಳಿ ಮಾತ್ರ ಕಣ್ಣೀರು ಸುರಿಸುತ್ತ ಮೂರು ಬಟ್ಟಲು ಬೇಡಿ ಕುಡಿದ.

ಕಾಶವ್ವನ ಇಬ್ಬರು ಗಂಡುಮಕ್ಕಳು ಒಂದೇ ಓಣಿಯಲ್ಲಿ ಎದುರುಬದುರು ಮನೆಯವರು. ಹಿರಿಯವನು ಸಂಗನಬಸಪ್ಪ, ಕಿರಿಯವನು ಅಡಿವೆಪ್ಪ. ಇಬ್ಬರ ಬಾಗಿಲ ನಡುವೆ ಒಂಬತ್ತು ಹೆಜ್ಜೆ. ಹನ್ನೊಂದು ವರ್ಷದ ಹಿಂದೆ ಒಂದು ಬಾವಿಯ ರಾಟೆಯ ಸಲುವಾಗಿ ಮಾತು ಬಿಟ್ಟವರು ಮತ್ತೆ ಆಡಿರಲಿಲ್ಲ. ತಾಯಿಯನ್ನು ಮಾತ್ರ ಇಬ್ಬರೂ ಬಿಟ್ಟುಕೊಟ್ಟಿರಲಿಲ್ಲ. ಎರಡೂ ಮನೆಯಲ್ಲಿ ಅವಳಿಗೊಂದು ತಾಟು, ಅವಳಿಗೊಂದು ಹಾಸಿಗೆ. ಅವಳು ದಿನವಿಡೀ ಆ ಒಂಬತ್ತು ಹೆಜ್ಜೆ ದಾಟುತ್ತಲೇ ಇರುತ್ತಿದ್ದಳು. ಎರಡೂ ಮನೆಯವರು ತತ್ತಿ ಎಂಬ ಶಬ್ದ ಕೇಳಿದರೆ ಬಾಯಿ ಮುಕ್ಕಳಿಸುವವರು. ಸಂಗನಬಸಪ್ಪನಂತೂ ಶುದ್ಧಾಹಾರ ಸಂಘದ ಅಧ್ಯಕ್ಷ. ಸಂಘದ ಗೋಡೆಯ ಮೇಲೆ ಅವನ ತಾಯಿಯದೇ ಫೋಟೊ, ಕೆಳಗೆ ‘ಆದರ್ಶ ಉದರ’ ಎಂದು ಬರೆಸಿದ್ದ.

ಚೀಟಿ ಹಿಡಿದು ನಾನು ಮೊದಲು ಹೋಗಿದ್ದು ಅವನ ಮನೆಗೇ. ಅವನು ಓದಿ, ಕುರ್ಚಿಯಿಂದ ಎದ್ದು, ಮತ್ತೆ ಕೂತು, ಬಾಗಿಲ ಕಡೆ ಕೈ ತೋರಿಸಿದ.

“ಅಂವನ ಕೆಲಸ. ಅಂವನ ಹೆಂಡತಿ ತವರು ಹೊಳೀ ದಂಡಿ. ಮೀನಿನ ಸಾರು ಕುಡಿಸ್ಯಾರ ನಮ್ಮವ್ವಗ. ಕಣ್ಣು ಮಂಜಾದ ಮುದುಕಿ, ಬದನೀಕಾಯಿ ಅಂತ ತಿಂದಾಳ.”

“ಮೀನು ಬದನೀಕಾಯಿ ಹಂಗ ಹೆಂಗ ಆಗತೈತ್ರಿ?” ಎಂದೆ.

“ಪಾಪ ಮಾಡೋರಿಗೆ ಎಲ್ಲಾ ಬರತೈತಿ, ಸುಂದ್ರವ್ವ.”

ಒಂಬತ್ತು ಹೆಜ್ಜೆ ದಾಟಿ ಅಡಿವೆಪ್ಪನ ಮನೆಗೆ ಹೋದೆ. ಅವನು ಚೀಟಿಯನ್ನು ಮೂರು ಸಲ ಓದಿ ನಕ್ಕ. ಆ ನಗು ನೋಡಿದರೆ ಅವನಿಗೆ ತಾಯಿ ಸತ್ತ ಮೇಲೆ ಮೊದಲ ಸಲ ಒಳ್ಳೆಯ ಸುದ್ದಿ ಬಂದಂತಿತ್ತು. “ಅಧ್ಯಕ್ಷರ ಮನಿ ಹಿತ್ತಲದಾಗ ಕೋಳಿ ಅದಾವು, ಗೊತ್ತೈತಿಲ್ಲೋ? ಬಾಡಿಗಿಯವರ ಕೋಳಿ ಅಂತಾನ. ಈಗ ಗೊತ್ತಾತು ಯಾರ ಕೋಳಿ ಅಂತ.” ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದ. “ಅಥವಾ ನೀನು.”

“ನಾನ?”

“ಊರಾಗಿನ ಒಂದು ಎಲುಬಿನೂಟಾನೂ ನಮ್ಮವ್ವ ಬಿಟ್ಟಿಲ್ಲ. ಬಡಿಸಾಕಿ ನೀನು. ಯಾವ ಸೌಟು ಯಾವ ಭಾಂಡೇಕ್ಕ ಹಾಕೀದಿ, ಯಾರು ಕಂಡಾರ?”

ಅವಳು ಒಂದೂ ಊಟ ಬಿಡುತ್ತಿರಲಿಲ್ಲವೆಂಬುದು ನಿಜವಾಗಿತ್ತು. ಕಾಶವ್ವನನ್ನು ಊರವರು ‘ಮೊದಲ ಪಂಕ್ತಿ ಕಾಶವ್ವ’ ಎಂದೇ ಕರೆಯುತ್ತಿದ್ದರು. ಯಾರದೇ ಊಟವಿರಲಿ, ಮೊದಲ ಪಂಕ್ತಿಯಲ್ಲಿ ಉಂಡು, ಕೈ ತೊಳೆದು, ಸೆರಗು ತಲೆ ತುಂಬ ಹೊದ್ದು ಕೊನೆಯ ಪಂಕ್ತಿಯಲ್ಲಿ ಮತ್ತೆ ಕೂಡುತ್ತಿದ್ದಳು. ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಾಂಸದ ಊಟವಿದ್ದ ದಿನ ಅವಳಿಗೆಂದು ಬೇರೆ ಒಲೆಯ ಮೇಲೆ ರೊಟ್ಟಿ ಮಾಡಿ, ಬೇರೆ ಸೌಟಿನಲ್ಲಿ ಬೇಳೆ ಬಡಿಸಿದವಳು ನಾನು. ಆದರೆ ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಸಂಜೆಯೊಳಗೆ ಊರಲ್ಲಿ ಮೂರು ಪಕ್ಷಗಳಾದವು: ಮೀನಿನವರು, ಕೋಳಿಯವರು, ಸುಂದ್ರವ್ವನ ಸೌಟಿನವರು. ಮಾರನೆಯ ದಿನ ಊಟದ ಕಮಿಟಿಯ ಹಿರಿಯ ಚಂದ್ರಾಮಪ್ಪ ನನ್ನ ಅಡುಗೆಮನೆಗೇ ಬಂದು, ಸೌಟು ತಪ್ಪಿದ್ದು ನಿಜವಾದರೆ ಇನ್ನು ಮುಂದೆ ನಾನು ಊರಿಗೆ ಬಡಿಸುವ ಹಾಗಿಲ್ಲವೆಂದು ಹೇಳಿದ. ಹಾಗೆ ಹೇಳುವಾಗ ಅವನ ಕಣ್ಣು ನನ್ನ ಹಿಂದಿನ ಡಬ್ಬಿಯ ಚಕ್ಕುಲಿಯ ಮೇಲಿತ್ತು.

“ಕುರಿ ಎಷ್ಟು ಬೇಕಾಗ್ತಾವ?” ಎಂದೂ ಕೇಳಿದ. “ನಿಯಮ ಅಂದ್ರ ನಿಯಮ. ಎಲುಬು ಮಾಂಸ ಅಂದೈತಿ. ಮಕ್ಕಳು ಮೊದಲ ತುತ್ತು ತಿನ್ಲಿಲ್ಲಂದ್ರ ಆ ಮನಿತನದ ಎಲುಬು ಇನ್ನ ಓದೂದಿಲ್ಲ.”

ಓದಿಸದ ಎಲುಬು ಎಂದರೆ ನಮ್ಮೂರಲ್ಲಿ ಹುಟ್ಟೇ ಇಲ್ಲದವರ ಲೆಕ್ಕ. ಹಾಗಾಗಿ ಮರುದಿನ ಬೆಳಿಗ್ಗೆ ಸಂಗನಬಸಪ್ಪ ತಲೆಗೆ ಟವೆಲು ಸುತ್ತಿಕೊಂಡು ನನ್ನ ಹಿತ್ತಲ ಬಾಗಿಲಿಗೆ ಬಂದ.

“ಸುಂದ್ರವ್ವ, ನನಗ ಕಲಿಸು” ಎಂದ.

“ಏನು?”

“ತಿನ್ನೂದು.”

ಒಂದು ತತ್ತಿ ತಂದು ಮೇಜಿನ ಮೇಲಿಟ್ಟೆ. ಮೊದಲ ದಿನ ಅದನ್ನು ನೋಡುವುದಷ್ಟೇ ಪಾಠ. ಅವನು ಬಾಗಿಲಿಗೆ ಆತು ನಿಂತು, ಅದು ಹಾರಿ ಬಂದು ಬಾಯಿಗೆ ಬೀಳುವುದೇನೋ ಎಂಬಂತೆ ತುಟಿ ಬಿಗಿದು ನೋಡಿದ. ಎರಡನೆಯ ದಿನ ಮುಟ್ಟಿದ, “ತಣ್ಣಗೈತಿ” ಎಂದ. ಮೂರನೆಯ ದಿನ ಅಂಗೈಯಲ್ಲಿ ಹಿಡಿದು ಐವತ್ತರವರೆಗೆ ಎಣಿಸಿದ. ಇತ್ತ ಮಧ್ಯಾಹ್ನ ಹನ್ನೆರಡಕ್ಕೆ, ಅಣ್ಣ ಹೋದ ಮೇಲೆ, ಅಡಿವೆಪ್ಪ ಬರುತ್ತಿದ್ದ. ಅವನಿಗೂ ಅದೇ ಪಾಠ. ತತ್ತಿಯೂ ಅದೇ. ಇಬ್ಬರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಅಡಿವೆಪ್ಪ ಧೈರ್ಯಸ್ಥ, ಮೊದಲ ದಿನವೇ ಮುಟ್ಟಿದ. ಆದರೆ ಮುಟ್ಟಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆಯವರೆಗೂ ಎತ್ತಿ ಹಿಡಿದುಕೊಂಡೇ ಹೋದ. ದಾರಿಯಲ್ಲಿ ಸಿಕ್ಕವರು ತಮಗೆ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು ತಾವೂ ಕೈ ಎತ್ತಿದರು.

ಏಳನೆಯ ದಿನ ತತ್ತಿ ಬೇಯಿಸಿದೆ. ಸಂಗನಬಸಪ್ಪ ಕಣ್ಣು ಮುಚ್ಚಿ ಒಂದು ಚೂರು ಬಾಯಿಗಿಟ್ಟುಕೊಂಡ. ಅಗಿಯಲಿಲ್ಲ, ನುಂಗಲಿಲ್ಲ, ಉಗುಳಲೂ ಇಲ್ಲ. ಬಾಯಲ್ಲಿ ಹಾಗೇ ಇಟ್ಟುಕೊಂಡು ಮಾತಾಡಿದ.

“ನಮ್ಮವ್ವ ಇದನ್ನ ಹೆಂಗ ತಿಂದಳು ಸುಂದ್ರವ್ವ? ದಿನಾ ಹೆಂಗ ತಿಂದಳು?” ಅವನ ಕಣ್ಣಿಂದ ನೀರು ಹರಿಯಿತು. ತತ್ತಿಗೋ ತಾಯಿಗೋ ನನಗೆ ತಿಳಿಯಲಿಲ್ಲ.

ಆ ದಿನವೇ ನಾನು ಓದುಮನೆಗೆ ಹೋದೆ. ನನ್ನ ಸೌಟಿನ ಮಾನವೂ ಇತ್ತು, ಅವನ ಆ ಮಾತೂ ಇತ್ತು. ಯಮುನಾಬಾಯಿ ಕನ್ನಡಕ ಹಣೆಗೇರಿಸಿ ಕೂತಿದ್ದಳು. ಮೇಜಿನ ಮೇಲೆ ಯಾರದೋ ದವಡೆ ಹಲ್ಲು.

“ನನಗೂ ಸಮಾಧಾನಿಲ್ಲ ಸುಂದ್ರವ್ವ” ಎಂದಳು. “ಮಾಂಸ ತಿಂದೋರದು ಕಾಳಿನ ಅಂಕಿನೂ ಒಂಚೂರು ಅಲ್ಲಾಡತೈತಿ. ಈಕಿದು ಅಲ್ಲಾಡಿಲ್ಲ. ಹಾಲು, ಮೊಸರು ತಿಂದ್ರೂ ಮಾಂಸದ ಅಂಕಿ ಏರತೈತಿ, ಆದ್ರ ಇಷ್ಟು ಏರೂದಿಲ್ಲ. ಎಲುಬು ಅಂದ್ರ ಐದಾರು ವರ್ಷದ್ದು ಎಲ್ಲಾ ಕಲಸಿ ಹೇಳತೈತಿ, ಬಿಡಿಸಿ ಹೇಳೂದಿಲ್ಲ. ಕೂದಲಿದ್ರ ಹೇಳಬೌದಿತ್ತು. ಕೂದಲು ತಿಂಗಳಿಗೆ ಒಂದು ಉಗುರಿನಷ್ಟು ಬೆಳೀತೈತಿ. ತಿಂಗಳಾ ತಿಂಗಳಾ ಏನು ಉಂಡಳು ಅಂತ ಅದರಾಗ ಇರತೈತಿ.”

ಕೂದಲಿಗೇನು ಬರ? ನಮ್ಮೂರ ಹೆಂಗಸರು ತಲೆ ಬಾಚಿದ ಕೂದಲನ್ನು ಬಿಸಾಡುವವರಲ್ಲ, ಉಂಡೆ ಮಾಡಿ ಗೋಡೆಯ ಬಿರುಕಿಗೆ ತುರುಕಿ, ಪಿನ್ನು ಸೂಜಿ ಮಾರುವವಳು ಬಂದಾಗ ಕೊಡುತ್ತಾರೆ. ಸಂಗನಬಸಪ್ಪನ ಮನೆಯಲ್ಲಿ ಕಾಶವ್ವನ ಹಾಸಿಗೆಯ ತಲೆದೆಸೆಯ ಗೂಡಿನಿಂದ ಬೆಳ್ಳಗಿನ ಒಂದು ಉಂಡೆ ಸಿಕ್ಕಿತು. ಅಡಿವೆಪ್ಪನ ಮನೆಯ ಗೂಡಿನಲ್ಲಿ ಇನ್ನೊಂದು. ಎರಡನ್ನೂ ತಂದು ಯಮುನಾಬಾಯಿಗೆ ಕೊಟ್ಟೆ. ಅವಳು ಉದ್ದನೆಯ ಎಳೆಗಳನ್ನು ಆರಿಸಿ ಉಗುರುದ್ದಕ್ಕೆ ಕತ್ತರಿಸಿ ಸಾಲಾಗಿಟ್ಟಳು. ಎಂಟು ದಿನ ಯಂತ್ರ ನಡೆಯಿತು.

ಒಂಬತ್ತನೆಯ ದಿನ ಕಮಿಟಿ ಓದುಮನೆಯಲ್ಲೇ ಸೇರಿತು. ಅಣ್ಣ ಒಂದು ಗೋಡೆಗೆ, ತಮ್ಮ ಇನ್ನೊಂದು ಗೋಡೆಗೆ ಒರಗಿ ಕೂತಿದ್ದರು. ಚಂದ್ರಾಮಪ್ಪ ಕುರಿಯ ವ್ಯಾಪಾರ ಕುದುರಿಸಿಕೊಂಡೇ ಬಂದಿದ್ದ.

ಯಮುನಾಬಾಯಿ ಕಾಗದ ಬಿಚ್ಚಿದಳು. “ಈಕಿ ಮಾಂಸ ತಿಂದಿಲ್ಲ. ಮೀನೂ ಇಲ್ಲ, ಕೋಳಿನೂ ಇಲ್ಲ. ಸುಂದ್ರವ್ವನ ಸೌಟೂ ತಪ್ಪಿಲ್ಲ.”

“ಮತ್ತ ಆ ಅಂಕಿ?” ಎಂದ ಚಂದ್ರಾಮಪ್ಪ.

“ಒಲೀಗೆ ಕಟ್ಟಿಗಿ ಇಲ್ಲದಾಗ ಏನ್ ಮಾಡ್ತೀರಿ? ಮೊದಲು ಮುರುಕು ಕುರ್ಚಿ ಉರಸ್ತೀರಿ. ಅದೂ ತೀರಿದ್ರ ಬಾಗಿಲ ಚೌಕಟ್ಟು ಕಿತ್ತು ಉರಸ್ತೀರಿ. ಮೈನೂ ಹಂಗ. ಹೊರಗಿಂದ ಕೂಳು ಬರಲಿಲ್ಲಂದ್ರ ತನ್ನ ಮಾಂಸ ತಾನ ತಿಂತೈತಿ. ಯಂತ್ರಕ್ಕ ಕುರಿ ಮಾಂಸ ಯಾವುದು, ಸ್ವಂತ ಮಾಂಸ ಯಾವುದು ಗೊತ್ತಾಗೂದಿಲ್ಲ. ಮಾಂಸ ಅಂತ ಬರೀತೈತಿ ಅಷ್ಟ.”

ಅವಳು ಕಾಗದದ ಮೇಲೆ ಬೆರಳಿಟ್ಟಳು. “ಎರಡು ವರ್ಷದ ಕೂದಲೈತಿ ಇಲ್ಲಿ. ಒಂದ ಒಂದು ತಿಂಗಳು ಈಕಿ ಚೊಲೊ ಉಂಡಾಳ. ಹೋದ ವರ್ಷ ಶ್ರಾವಣದ ಸುಮಾರು. ಅಕ್ಕಿ, ಗೋಧಿ, ಹಾಲು. ಆ ತಿಂಗಳು ಮಾತ್ರ ಮಾಂಸದ ಅಂಕಿ ಇಳದೈತಿ. ಆಗ ಎಲ್ಲಿದ್ದಳು?”

“ದವಾಖಾನ್ಯಾಗ” ಎಂದ ಅಡಿವೆಪ್ಪ ಗೋಡೆಯನ್ನು ನೋಡುತ್ತ. “ಕೈ ಮುರದಿತ್ತು. ಬ್ರೆಡ್ಡು ಹಾಲು ಕೊಡ್ತಿದ್ರು.”

“ಉಳಿದ ದಿನ ಆಕಿ ಉಂಡದ್ದನ್ನ ಯಾರು ನೋಡೀರಿ?”

ಸಂಗನಬಸಪ್ಪ ಬಾಯಿ ತೆರೆದ. “ನಾವು ದಿನಾ ಕರೀತಿದ್ವಿ. ಬಾ ಯವ್ವ, ಉಣ್ಣು ಅಂತ. ಆಕಿ ಅಲ್ಲಿಂದ ಉಂಡ ಬರ್ತಿದ್ದಳು. ಈಗ ಅಡಿವೆಪ್ಪನ ಮನ್ಯಾಗ ಉಂಡೀನಿ, ಹೊಟ್ಟಿ ಬಿರಿಯಾಕ್ಹತ್ತೈತಿ ಅಂತಿದ್ದಳು.”

ಅಡಿವೆಪ್ಪ ತಲೆ ಎತ್ತಿದ. “ಅಲ್ಲಿಂದ ಉಂಡು ಬಂದೀನಿ ಅಂತಿದ್ದಳು. ದೊಡ್ಡಾವನ ಮನ್ಯಾಗ ಹೋಳಗಿ ಮಾಡಿದ್ರು ಅಂತಿದ್ದಳು. ನಾವು ಹೋಳಗಿ ಮ್ಯಾಲ ರೊಟ್ಟಿ ಯಾಕ ಹಾಕೂದು ಅಂತ...” ಎಂದು ಅಲ್ಲಿಗೇ ನಿಲ್ಲಿಸಿದ.

“ನಾವು ಹೋಳಗಿ ಮಾಡಿ ವರ್ಷ ಆತು” ಎಂದ ಸಂಗನಬಸಪ್ಪ. ಯಾರಿಗೆ ಹೇಳಿದನೋ ಗೊತ್ತಿಲ್ಲ.

ನನಗೆ ಅದೆಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಇಬ್ಬರೂ ತಾಯಿಯನ್ನು ಕಂಡ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಅವನು ಊಟ ಹಾಕಿದನೋ ಇಲ್ಲವೋ? ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಉತ್ತರ: ಹಾಕಲಿಲ್ಲ. ಆ ಉತ್ತರ ಸಿಕ್ಕಿದ್ದರೆ ಒಂಬತ್ತು ಹೆಜ್ಜೆ ದಾಟಿ ಬಡಿದಾಡಲು ಇಬ್ಬರೂ ಸಿದ್ಧರಿದ್ದರು. ಒಂದು ಮನೆಯಲ್ಲಿ ಉಣ್ಣಲು ಕೂತರೆ ಇನ್ನೊಂದು ಮನೆಯವರು ಹಾಕಲಿಲ್ಲವೆಂದೇ ಅರ್ಥ. ಕಾಶವ್ವ ಆ ಸುಖವನ್ನು ಇಬ್ಬರಿಗೂ ಕೊಡಲಿಲ್ಲ. ಈ ಬಾಗಿಲಲ್ಲಿ ಆ ಮನೆಯ ಊಟ ಹೊಗಳಿದಳು, ಆ ಬಾಗಿಲಲ್ಲಿ ಈ ಮನೆಯ ಊಟ ಹೊಗಳಿದಳು. ಹೊಗಳಿ ಹೊಗಳಿ ಹಸಿದಳು. ಊರಲ್ಲಿ ಯಾರಾದರೂ ಸತ್ತ ದಿನ ಎರಡು ಪಂಕ್ತಿ ಉಂಡಳು. ನಾವು ನಕ್ಕೆವು.

ಚಂದ್ರಾಮಪ್ಪ ಗಂಟಲು ಸರಿಪಡಿಸಿಕೊಂಡ. “ಅದೆಲ್ಲ ಖರೆ. ಆದ್ರ ಊಟ? ಎಲುಬು ಹೇಳಿದ್ದನ್ನ ಬಡಸಬೇಕು. ನಿಯಮ ಅಂದ್ರ ನಿಯಮ.”

ಕಮಿಟಿ ಎರಡು ತಾಸು ಚರ್ಚೆ ಮಾಡಿತು. ಸ್ವಂತ ಮಾಂಸವೂ ಮಾಂಸವೇ ಆದ್ದರಿಂದ ಕುರಿ ಕಡಿಯಬಹುದೆಂದು ಒಬ್ಬ ಹೇಳಿದ. ಹಾಗಾದರೆ ಬಂದವರೆಲ್ಲ ತಮ್ಮ ತಮ್ಮ ಬೆರಳು ಚೀಪಿದರೆ ನಿಯಮಕ್ಕೆ ಇನ್ನೂ ಹತ್ತಿರವಾಗುತ್ತದೆ ಎಂದು ಇನ್ನೊಬ್ಬ ಹೇಳಿದ. ಬೆರಳು ತೊಳೆದು ಚೀಪಬೇಕೋ ತೊಳೆಯದೆಯೋ ಎಂಬಲ್ಲಿ ಇಬ್ಬರಿಗೂ ಜಗಳ ಹತ್ತಿತು. ನಾನು ಎದ್ದು ನಿಂತೆ.

“ಊಟ ನಾ ಮಾಡ್ತೀನಿ. ಆಕಿ ಏನು ಉಂಡಾಳ ನನಗ ಗೊತ್ತೈತಿ. ಎರಡೂ ಮನಿ ಮುಂದ ಒಂದೊಂದು ಹಂದರ ಹಾಕಸ್ರಿ, ಊರಿಗೆಲ್ಲ ಹೇಳಿಕಳಸ್ರಿ.”

ಊಟದ ದಿನ ಎರಡೂ ಹಂದರದಲ್ಲಿ ಬಾಳೆಲೆ ಹಾಕಿಸಿದೆ. ನೀರು ಚಿಮುಕಿಸಿದೆ. ದೊಡ್ಡ ಭಾಂಡೆಗಳನ್ನು ಮುಚ್ಚಿ ಮೇಲೆ ಬಿಳೀ ಬಟ್ಟೆ ಹೊದಿಸಿದೆ. ಸಂಗನಬಸಪ್ಪನಿಗೂ ಅಡಿವೆಪ್ಪನಿಗೂ ಬೇರೆ ಬೇರೆಯಾಗಿ ಒಂದೇ ಮಾತು ಕಲಿಸಿಕೊಟ್ಟೆ. ಹನ್ನೊಂದಕ್ಕೆ ಊರು ಬಂತು. ಬೆಳಿಗ್ಗೆಯಿಂದ ಉಪವಾಸವಿದ್ದು ಬಂದಿದ್ದರು, ಎಲುಬಿನೂಟಕ್ಕೆ ಹಾಗೇ ಬರುವುದು ಪದ್ಧತಿ. ಮೊದಲು ಅಣ್ಣನ ಹಂದರದಲ್ಲಿ ಕೂತರು. ಸಂಗನಬಸಪ್ಪ ಎಲೆಗಳ ನಡುವೆ ಕೈ ಮುಗಿದು ನಿಂತ.

“ಊಟ ಎದುರು ಮನ್ಯಾಗ ಐತ್ರಿ. ಹೊಟ್ಟಿ ತುಂಬ ಉಣಸ್ತಾರ. ಅಲ್ಲಿ ಹೋಗ್ರಿ.”

ಜನ ಎದ್ದು, ಚಪ್ಪಲಿ ಹುಡುಕಿ, ಒಂಬತ್ತು ಹೆಜ್ಜೆ ದಾಟಿ ತಮ್ಮನ ಹಂದರದಲ್ಲಿ ಕೂತರು. ಅಡಿವೆಪ್ಪ ಕೈ ಮುಗಿದ.

“ದೊಡ್ಡಾವನ ಮನ್ಯಾಗ ಹೋಳಗಿ ಮಾಡ್ಯಾರ್ರಿ. ಅಲ್ಲಿ ಉಣ್ರಿ.”

ಮೊದಲ ಸಲ ನಕ್ಕರು. ಎರಡನೆಯ ಸಲ ಬೈದರು. ಮೂರನೆಯ ಸಲಕ್ಕೆ ಬಿಸಿಲು ನೆತ್ತಿಗೇರಿತ್ತು. ಮುನ್ನೂರು ಜನ ಆ ಇಕ್ಕಟ್ಟು ಓಣಿಯಲ್ಲಿ ಅತ್ತಿಂದಿತ್ತ ಸಾಗಿದರು. ಅತ್ತ ಹೋಗುವವರ ಹೆಗಲಿಗೆ ಇತ್ತ ಬರುವವರ ಹೆಗಲು ತಾಗಿತು. ಬಡಿಸುವ ಮೊದಲು ಎದ್ದು ಹೋಗುವುದು ಸತ್ತವರಿಗೆ ಅವಮಾನ, ಹಾಗಾಗಿ ಯಾರೂ ಮನೆಗೆ ಹೋಗುವಂತಿರಲಿಲ್ಲ. ಪೈಲ್ವಾನನ ಎದುರಾಳಿ ಐದನೆಯ ಸುತ್ತಿಗೆ ಓಣಿಯ ನಡುವೆಯೇ ಕೂತುಬಿಟ್ಟ. ಏಳನೆಯ ಸುತ್ತಿಗೆ ಚಂದ್ರಾಮಪ್ಪ ಬಾಳೆಲೆಯ ಅಂಚು ಹರಿದು ಬಾಯಿಗಿಟ್ಟುಕೊಂಡದ್ದನ್ನು ನಾನು ಕಂಡೆ. ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮಾತಿಲ್ಲದೆ ನಡೆಯುತ್ತಿದ್ದರು. ಹಿಂದೆ ಕಿಸಕ್ಕನೆ ನಗುತ್ತಿದ್ದ ಹುಡುಗಿಯೊಬ್ಬಳು ಸೆರಗನ್ನು ತಲೆ ತುಂಬ ಹೊದ್ದು ಅಳುತ್ತ ನಡೆಯುತ್ತಿದ್ದಳು.

ನಾಲ್ಕು ಗಂಟೆಗೆ ನಾನು ಭಾಂಡೆಗಳ ಬಟ್ಟೆ ತೆಗೆದೆ. ಎಲ್ಲ ಖಾಲಿ. “ಪಂಕ್ತಿ ಮುಗೀತ್ರಿ” ಎಂದೆ. ಚಂದ್ರಾಮಪ್ಪ ಬಂದು ಭಾಂಡೆಯೊಳಗೆ ಇಣುಕಿದ, ನನ್ನ ಮುಖ ನೋಡಿದ, ಜೇಬಿನಿಂದ ಕಮಿಟಿಯ ಪುಸ್ತಕ ತೆಗೆದು ‘ಊಟ ಎಲುಬಿಗೆ ಸರಿಹೊಂದಿದೆ’ ಎಂದು ಬರೆದು ಸಹಿ ಹಾಕಿದ. ದಾರಿಯಲ್ಲಿ ಪರ ಊರಿನವನೊಬ್ಬ ಊಟ ಹೇಗಿತ್ತೆಂದು ಕೇಳಿದ್ದಕ್ಕೆ, “ಹೊಟ್ಟಿ ತುಂಬಿತು” ಎಂದು ಹೇಳಿ ಹೋದನಂತೆ. ಎಲುಬಿನೂಟವನ್ನು ಹಳಿಯಬಾರದಲ್ಲ.

ಜನ ಕರಗಿದ ಮೇಲೆ ಓಣಿಯಲ್ಲಿ ಉಳಿದವರು ನಾವು ಮೂವರೇ. ಸಂಗನಬಸಪ್ಪ ತನ್ನ ಕಟ್ಟೆಯ ಮೇಲೆ ಕೂತಿದ್ದ, ಅಡಿವೆಪ್ಪ ತನ್ನ ಕಟ್ಟೆಯ ಮೇಲೆ. ನಾನು ನಡುವೆ ಎಲೆಗಳನ್ನು ಒಟ್ಟುಗೂಡಿಸುತ್ತಿದ್ದೆ. ಅಧ್ಯಕ್ಷನ ಟವೆಲು ಬಿಚ್ಚಿ ನೆಲಕ್ಕೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ.

ಕೊನೆಗೆ ಸಂಗನಬಸಪ್ಪ ತಲೆ ಎತ್ತದೆಯೇ ಕೇಳಿದ. “ಅಡಿವೆಪ್ಪ, ಉಂಡಿ ಏನೋ?”

ಅಡಿವೆಪ್ಪ ಬಾಯಿ ತೆರೆದ. ರೂಢಿಯ ಮಾತು ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿಕೊಂಡ.

“ಇಲ್ಲೋ ಅಣ್ಣಾ” ಎಂದ. “ಹಸಿವಾಗೈತಿ.”

ನಾನು ಎಲೆಗಳನ್ನು ಅಲ್ಲಿಯೇ ಬಿಟ್ಟು, ಯಾರ ಮನೆಯೆಂದು ನೋಡದೆ ಹತ್ತಿರದ ಬಾಗಿಲಿಗೆ ನುಗ್ಗಿ ಒಲೆ ಹೊತ್ತಿಸಿದೆ.